ಮೂರು ದಿನದ ಬೆಳಕು

ಗೋಡೆಯ ಮೇಲೆ ಚೌಕಟ್ಟು ಹಾಗೇ ಇತ್ತು. ಒಳಗಿನ ಚಿತ್ರ ಮಾತ್ರ ಇರಲಿಲ್ಲ.

ಹೊಳೆ ದಂಡೆಯ ಹಾಳು ದೇಗುಲದ ಆ ಚಿತ್ರ ಇಪ್ಪತ್ತೆರಡು ವರ್ಷ ಅಲ್ಲೇ ತೂಗಿತ್ತು. ನಾಳೆ ಪ್ರದರ್ಶನಕ್ಕೆ ಹೋಗಬೇಕಿತ್ತು.

"ಇವಳದೇ ಕೆಲಸ!" ಚಿತ್ರಕಾರ ಮನೆಗೆಲಸದಾಕೆಯತ್ತ ಬೆರಳು ತೋರಿದ. "ನಮ್ಮಿಬ್ಬರನ್ನ ಬಿಟ್ರೆ ಬೀಗದ ಕೈ ಇರೋದು ಇವಳ ಹತ್ರಾನೇ. ಕರ್ಕೊಂಡು ಹೋಗಿ ಮೇಡಂ."

ಇನ್‌ಸ್ಪೆಕ್ಟರಮ್ಮ ಕುರ್ಚಿ ಎಳೆದುಕೊಂಡು ಕೂತಳು. ಬೆಳಗಿನಿಂದ ಇದು ಮೂರನೆಯ ಮನೆ. ಮೂರರಲ್ಲೂ ಮೊದಲ ಬೆರಳು ಕೆಲಸದವಳ ಕಡೆಗೇ. ಮೊಣಕಾಲು ನೋಯುತ್ತಿತ್ತು, ಮನಸ್ಸು ಅದಕ್ಕಿಂತ ಸೋತಿತ್ತು.

"ಏನಮ್ಮಾ, ತಗೊಂಡ್ಯಾ?"

"ನಮ್ಮನೇನೇ ಬಿದ್ದೋಗೋ ಹಂಗಿದೆ, ಇನ್ನು ಬಿದ್ದೋಗಿರೋ ಗುಡಿ ತಗೊಂಡು ಎಲ್ಲಿ ನೇತಾಕ್ಲಿ?" ಅವಳ ನಾಲಿಗೆ ಸೋಲಲಿಲ್ಲ. "ಇವತ್ತು ಜೀಪು ಹತ್ತಿದ್ರೆ ನಾಳೆ ಯಾವ ಮನೆಯವರೂ ನಂಗೆ ಬಾಗಿಲು ತೆಗೆಯಲ್ಲ. ಎಲ್ಲಾದ್ರೂ ಸಿಕ್ಕಿಬಿಟ್ರೆ ಸಾಕಮ್ಮಾ."

"ಸಿಗುತ್ತಾ ಮೇಡಂ?" ಚಿತ್ರಕಾರ ಐದನೆಯ ಸಲ ಕೇಳಿದ.

ಅವನ ಹೆಂಡತಿ ಚಹಾ ತಂದಿಟ್ಟಳು.

"ನೀವು ಕೊನೇ ಸಲ ನೋಡಿದ್ದು ಯಾವಾಗ?" ಇನ್‌ಸ್ಪೆಕ್ಟರಮ್ಮ ಅವಳನ್ನು ಕೇಳಿದಳು.

"ನಿನ್ನೆ ಬೆಳಿಗ್ಗೆ."

"ಯಾರ ಮೇಲಾದ್ರೂ ಅನುಮಾನ?"

"ಇಲ್ಲ. ಸಕ್ಕರೆ ಸಾಕಾ?"

ಪಕ್ಕದ ಕೋಣೆಯ ಗೋಡೆಗೆ ನಾಲ್ಕು ಖಾಲಿ ಕ್ಯಾನ್ವಾಸುಗಳನ್ನು ಒರಗಿಸಿದ್ದರು. ಇನ್‌ಸ್ಪೆಕ್ಟರಮ್ಮ ಒಂದೊಂದನ್ನೇ ತಿರುಗಿಸಿ ನೋಡಿದಳು. ನಾಲ್ಕನೆಯದರಲ್ಲಿ ಬೆರಳ ತುದಿಗೆ ಹಸಿ ಬಿಳಿ ಬಣ್ಣ ಅಂಟಿತು. ಅದನ್ನೇ ಎತ್ತಿ ತಂದು ಎಲ್ಲರ ಮುಂದಿಟ್ಟಳು.

"ಚಿತ್ರ ಮನೆ ಬಿಟ್ಟು ಹೋಗೇ ಇಲ್ಲ. ಮುಖ ಹೊಸದು, ಹಿಂದೆ ಬಟ್ಟೆ ಬಿಗಿದ ಮೊಳೆಗೆ ಮಾತ್ರ ತುಕ್ಕು! ಓರೆಯಾಗಿ ಹಿಡಿದ್ರೆ ಬಿಳಿ ಕೆಳಗೆ ಗುಡಿ ಕಂಬಗಳು ಉಬ್ಬಿ ಕಾಣ್ತವೆ. ಕದಿಯೋರು ಮಾರ್ತಾರೆ, ಸುಣ್ಣ ಬಳಿದ ಹಾಗೆ ಬಳಿದಿಡಲ್ಲ. ಚಿತ್ರ ಸಿಗುತ್ತಾ ಅಂತ ಯಜಮಾನರು ಐದು ಸಲ ಕೇಳಿದ್ರು, ಸಿಕ್ಕಿದ್ರೆ ಸಾಕು ಅಂತ ಇವಳೂ ಅಂದಳು." ಅವಳು ಹೆಂಡತಿಯತ್ತ ತಿರುಗಿದಳು. "ನೀವೊಬ್ಬರೇ ಕೇಳಲಿಲ್ಲ. ಸಿಗಲ್ಲ ಅಂತ ನಿಮಗೆ ಗೊತ್ತಿತ್ತು — ಅಲ್ವಾ?"

ಹೆಂಡತಿ ಮೆಲ್ಲಗೆ ಕೂತಳು. ಹೊತ್ತ ಹೊರೆ ಇಳಿಸಿದವಳ ಹಾಗೆ.

"ಇವರು ಇದನ್ನ ಬರೆಯೋವಾಗ ಮೂರು ದಿನ ಆ ದಂಡೇಲಿ ಕೂತಿದ್ವಿ. ನಮ್ಮಮ್ಮನಿಗೆ ಕಾಯಿಲೆ ಜಾಸ್ತಿಯಾಗಿದೆಯಂತೆ, ಹೊರಡೋಣ ಅಂದೆ. 'ಇನ್ನೊಂದು ದಿನ ಇರೇ, ಬೆಳಕು ಚೆನ್ನಾಗಿದೆ' ಅಂದ್ರು. ಹೋಗೋ ಹೊತ್ತಿಗೆ ಅಮ್ಮ ಇರಲಿಲ್ಲ. ಆಮೇಲೆ ಮನೆಗೆ ಬಂದವರೆಲ್ಲ 'ಎಂಥಾ ಬೆಳಕು!' ಅನ್ನೋರು. ನಾನು ಚಹಾ ಕೊಡ್ತಿದ್ದೆ. ಇನ್ನು ಊರೆಲ್ಲ ಅದೇ ಮಾತು ಆಡುತ್ತೆ ಅಂದ್ರೆ... ಸಾಕಾಯ್ತು."

ಚಿತ್ರಕಾರ ಬಿಳಿ ಬಳಿದ ಕ್ಯಾನ್ವಾಸನ್ನು ಎತ್ತಿ ಓರೆಯಾಗಿ ಹಿಡಿದ.

"ಅಕ್ಕಾ," ಕೆಲಸದಾಕೆ ಕೇಳಿದಳು, "ಬೆಳಿಗ್ಗೆಯಿಂದ ನಾನು ಕಳ್ಳಿಯಾಗಿ ಇಲ್ಲೇ ನಿಂತಿದ್ದೀನಿ. ಒಂದು ಮಾತು ಹೇಳ್ಬೋದಿತ್ತಲ್ಲಾ?"

"ಹೇಳ್ತಿದ್ದೆ ಕಣೇ... ಇನ್ನೊಂಚೂರು ಹೊತ್ತು ಬಿಟ್ಟು—"

ಹೆಂಡತಿ ಅಲ್ಲಿಗೇ ಮಾತು ನಿಲ್ಲಿಸಿದಳು. ಗಂಡನ ಆವತ್ತಿನ ಮಾತನ್ನೇ ಆಡಿದ್ದು ತನ್ನ ಬಾಯೇ ಎಂದು ನಂಬಲಾರದವಳಂತೆ ಅವನ ಮುಖ ನೋಡಿದಳು.

ಕೆಲಸದಾಕೆ ಕಾಯಲಿಲ್ಲ. ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು.