ಯಾರೋ ನಮ್ಮೂರಿನೋರು

ಹಳೆಯ ಸಂತೆಮಂಟಪದೊಳಗೆ ಕಾಲಿಟ್ಟವಳೇ ಮೇಘನಾ ಮುಗ್ಗರಿಸಿದಳು. ನೆಲದ ಕಲ್ಲುಗಳು ಶತಮಾನಗಳ ಓಡಾಟಕ್ಕೆ ಸವೆದು ಏರುಪೇರಾಗಿದ್ದವು. ತೀರ್ಥೇಶ್ ಥಟ್ಟನೆ ಅವಳ ಕೈ ಹಿಡಿದ.

"ಬಿಡ್ರೀ, ಬೀಳಲ್ಲ ನಾನು," ಎಂದಳು. ಕೈಯನ್ನೇನೂ ಎಳೆದುಕೊಳ್ಳಲಿಲ್ಲ.

ಅವನು ಶಿಕಾರಿಪುರದ ಪಶುವೈದ್ಯ, ಅವಳು ಸೊರಬದ ಪಶುವೈದ್ಯೆ. ಕುರಿ ಸಾಕಣೆಯ ತರಬೇತಿಗೆಂದು ಹದಿನೈದು ದಿನ ಇಂಗ್ಲೆಂಡಿಗೆ ಬಂದಿದ್ದರು. ರಜೆ ಸಿಕ್ಕ ಶನಿವಾರ, ಗುಡ್ಡಗಳ ನಡುವಿನ ಚಿಪ್ಪಿಂಗ್ ಕ್ಯಾಂಪ್ಡೆನ್ ಪೇಟೆಗೆ ಇಬ್ಬರೇ ಬಸ್ಸು ಹತ್ತಿದ್ದರು. ಜೇನುಬಣ್ಣದ ಮನೆಗಳ ಬೀದಿಯಲ್ಲಿ ಅವಳು ತಿರುಗಿ ನಕ್ಕಾಗಲೆಲ್ಲ ಅವನಿಗೆ ಮಾತೇ ಮರೆಯುತ್ತಿತ್ತು.

"ಈ ಊರು ಬೆಳೆದಿದ್ದೇ ಕುರಿ ಉಣ್ಣೆಯಿಂದಂತೆ. ಎಷ್ಟು ಹೆಮ್ಮೆಯಿಂದ ಹೇಳ್ಕೋತಾರೆ ನೋಡಿ! ನಿಮ್ಮನೇಲೂ ಕುರಿ ಇದಾವಾ?" ಎಂದಳು.

ಅವನ ಮುಖ ನಾಚಿಕೆಗೆ ಕೆಂಪಾಯಿತು.

ಎರಡು ವರ್ಷದ ಹಿಂದೆ ಉಡುತಡಿಯಲ್ಲಿ ಲಸಿಕೆ ಕ್ಯಾಂಪ್. ಅವಳನ್ನು ಮೊದಲು ಕಂಡದ್ದು ಅಂದೇ. ತೀರ್ಥೇಶನ ಅಪ್ಪ ಉಜ್ಜಪ್ಪ ಹೆಗಲಿಗೆ ಕಂಬಳಿ ಹಾಕಿಕೊಂಡು, ಕುರಿಮರಿಯೊಂದನ್ನು ಎತ್ತಿಕೊಂಡು ಬಂದಿದ್ದ. "ಯಾರಿವರು?" ಎಂದಿದ್ದಳು ಮೇಘನಾ. "ಯಾರೋ ನಮ್ಮೂರಿನೋರು," ಎಂದುಬಿಟ್ಟಿದ್ದ ತೀರ್ಥೇಶ್. ಅಪ್ಪನಿಗೆ ಅದು ಕೇಳಿಸಿತ್ತು. ಆಮೇಲೆ ಒಂದು ದಿನವೂ ಆ ಮಾತು ಎತ್ತಿರಲಿಲ್ಲ.

"ಅವತ್ತು ಕ್ಯಾಂಪಿಗೆ ಕಂಬಳಿ ಹಾಕ್ಕೊಂಡು ಬಂದಿದ್ರಲ್ಲ..." ಅವನು ನೆಲ ನೋಡುತ್ತ ಹೇಳಿದ, "ಅವ್ರು ನಮ್ಮಪ್ಪ."

"ಗೊತ್ತು."

ಅವನು ಬೆಚ್ಚಿದ.

"ಮುಖ ಒಂದೇ ಥರ ಇತ್ತು. ನೀವು ಔಷಧಿ ತರಕ್ಕೆ ಹೋದಾಗ ಕೇಳ್ದೆ, ಡಾಕ್ಟ್ರು ನಿಮ್ಮ ಮಗನಾ ಅಂತ. 'ಇಲ್ಲವ್ವಾ, ನಮ್ಮೂರ ಡಾಕ್ಟ್ರು. ಭಾಳ ಒಳ್ಳೇರು,' ಅಂದ್ರು."

ತೀರ್ಥೇಶ್ ಅಲ್ಲೇ ಕಲ್ಲಿನ ಮೇಲೆ ಕೂತ. ಮಗನ ಮಾನ ಉಳಿಸಲು ಅಪ್ಪನೂ ಅವನನ್ನು ತನ್ನ ಮಗನಲ್ಲ ಎಂದಿದ್ದ.

"ಇಷ್ಟು ದಿನ ಯಾಕೆ ಕೇಳ್ಲಿಲ್ಲ?"

"ನೀವೇ ಹೇಳ್ತೀರಾ ಅಂತ ಕಾದೆ. ಮನಸ್ಸು ಬಂದಿತ್ತಲ್ರೀ ನಿಮ್ಮ ಮೇಲೆ. ಆದ್ರೆ ಅಪ್ಪನ್ನೇ ಯಾರೋ ಅಂದೋರು, ನಾಳೆ ನನ್ನ ಏನಂತೀರೋ ಅನ್ನೋ ಭಯ."

ಅವನು ಅಪ್ಪನಿಗೆ ಫೋನ್ ಹಚ್ಚಿದ. ಊರಲ್ಲಿ ಸಂಜೆ, ಕುರಿಗಳ ಸದ್ದು ಕೇಳುತ್ತಿತ್ತು.

"ಅಪ್ಪಾ, ಅವತ್ತು ಕ್ಯಾಂಪಲ್ಲಿ ನಿನ್ನ ಯಾರೋ ಅಂದ್ಬಿಟ್ಟೆ. ದೊಡ್ಡ ತಪ್ಪಾತು."

ಅಪ್ಪ ಕೇಳಿದ, "ಅಲ್ಲಿ ಚಳಿ ಭಾಳಂತಲ್ಲೋ ತಮ್ಮಾ? ಬೆಚ್ಚಗೆ ಹೊದ್ಕೊಂಡೀಯಾ?"

ಮೇಘನಾ ಫೋನ್ ಇಸಿದುಕೊಂಡಳು.

"ನಾನು ಸೊರಬದ ಡಾಕ್ಟ್ರು ಮೇಘನಾ. ಊರಿಗೆ ಬಂದ್ಮೇಲೆ ನಿಮ್ಮನೆಗೆ ಬರ್ತೀನಿ. ಕುರಿ ನೋಡಕ್ಕಲ್ಲ ಮತ್ತೆ!"

ಆ ಕಡೆ ಉಜ್ಜಪ್ಪ ನಕ್ಕಿದ್ದು ಕೇಳಿಸಿತು. ತಲೆ ಎತ್ತಿ ಅವಳ ಮುಖ ನೋಡುವ ಧೈರ್ಯ ತೀರ್ಥೇಶನಿಗೆ ಇನ್ನೂ ಬಂದಿರಲಿಲ್ಲ.