ಸಾಹೇಬರು ಹೊರಡಿಸದ ವಜಾ ಆದೇಶ

2025ರ ಮಾರ್ಚ್ 18, ಮಂಗಳವಾರ. ಬೆಳಿಗ್ಗೆ 10 ಗಂಟೆ 50 ನಿಮಿಷಕ್ಕೆ ಕಮಲಾಪುರ ಪೊಲೀಸ್ ಠಾಣೆಗೆ ಸರ್ಕಾರಿ ಅಧಿಕಾರಿಯೊಬ್ಬರು ಬಂದು ಲಿಖಿತ ದೂರು ಕೊಟ್ಟರು. ಹೆಸರು ಅಣವೀರಪ್ಪ. ಊರಿನ ಒಂದು ಕಚೇರಿಯ ಮುಖ್ಯಸ್ಥರು. ಅಲ್ಲಿನ ಗುಮಾಸ್ತರಿಗೆ ಶಿಸ್ತು ಪ್ರಾಧಿಕಾರಿಯೂ ಅವರೇ, ಅಂದರೆ ತಪ್ಪು ಮಾಡಿದವರನ್ನು ಅಮಾನತು ಮಾಡುವ, ಕೆಲಸದಿಂದ ತೆಗೆದುಹಾಕುವ ಅಧಿಕಾರ ಅವರ ಕೈಯಲ್ಲಿದೆ. ಇಲಾಖೆ ಯಾವುದೆಂದು ಹೇಳುವ ಅಗತ್ಯವಿಲ್ಲ. ಹಸಿರು ಬೀರು, ದಾರ ಕಟ್ಟಿದ ಕಡತ, ಕೈ ಮುರಿದ ಕುರ್ಚಿ ಎಲ್ಲ ಇಲಾಖೆಗಳಲ್ಲೂ ಒಂದೇ ಥರ.

ದೂರಿನ ಸಾರಾಂಶ ಇಷ್ಟು. ಕಚೇರಿಯ ದ್ವಿತೀಯ ದರ್ಜೆ ಸಹಾಯಕ ಯಶವಂತ ಎಂಬುವರು ಆರು ವರ್ಷಗಳಿಂದ ಅಮಾನತಿನಲ್ಲಿದ್ದಾರೆ. ಅವರ ಮೇಲಿನ ಇಲಾಖಾ ವಿಚಾರಣೆ ಇನ್ನೂ ಮುಗಿದಿಲ್ಲ. ಹೀಗಿರುವಾಗ ಅವರನ್ನು ಸೇವೆಯಿಂದ ವಜಾ ಮಾಡಿದ ಆದೇಶವೊಂದು ಫೆಬ್ರುವರಿ 3ರ ತಾರೀಖಿನಲ್ಲಿ ಹೊರಬಿದ್ದಿದೆ. ಕೆಳಗೆ ಅಣವೀರಪ್ಪನವರ ಸಹಿಯೂ ಕಚೇರಿಯ ಮೊಹರೂ ಇವೆ. ಆದರೆ ಅಣವೀರಪ್ಪನವರು ಇಂಥ ಆದೇಶ ಹೊರಡಿಸಿಯೇ ಇಲ್ಲ. ಈ ನೌಕರನ ಹೆಸರನ್ನು ವೇತನ ಪಟ್ಟಿಯಿಂದ ತೆಗೆಯಬೇಕೇ ಎಂದು ಕಲಬುರಗಿಯ ಖಜಾನೆಯಿಂದ ಪತ್ರ ಬಂದಾಗಲೇ ಅವರಿಗೆ ವಿಷಯ ಗೊತ್ತಾದದ್ದು.

ಸಬ್‌ ಇನ್‌ಸ್ಪೆಕ್ಟರ್ ಪ್ರಬುದ್ಧ ದೂರನ್ನು ಎರಡು ಸಲ ಓದಿದರು. ಖೊಟ್ಟಿ ನೇಮಕಾತಿ ಪತ್ರ, ಖೊಟ್ಟಿ ಅಂಕಪಟ್ಟಿ ಅವರು ಬೇಕಾದಷ್ಟು ಕಂಡಿದ್ದರು. ನೌಕರಿ ಕಳೆಯುವ ಖೊಟ್ಟಿ ಕಾಗದವನ್ನು ಹನ್ನೊಂದು ವರ್ಷದ ಸೇವೆಯಲ್ಲಿ ಕಂಡಿರಲಿಲ್ಲ.

“ಈ ಸಹಿ ನಿಮ್ಮದಲ್ಲೇನ್ರೀ?”

“ನಂದಲ್ರೀ. ನನ್ನ ಸಹಿಗಿಂತ ಚೊಲೋ ಅದ,” ಎಂದರು ಅಣವೀರಪ್ಪ. ನಗಲಿಲ್ಲ.

11 ಗಂಟೆ 40 ನಿಮಿಷಕ್ಕೆ ಎಫ್‌ಐಆರ್ ದಾಖಲಾಯಿತು. ಭಾರತೀಯ ನ್ಯಾಯ ಸಂಹಿತೆಯ 336, 337, 340ನೇ ಕಲಂ. ಆರೋಪಿ: ಅಪರಿಚಿತ. ಅನುಮಾನ ಯಾರ ಮೇಲೆ ಎಂದು ಕೇಳಿದಾಗ ಅಣವೀರಪ್ಪ ಜಾವಕ ಗುಮಾಸ್ತೆ ಉಮ್ಮೆ ಹಾನಿಯ ಹೆಸರು ಹೇಳಿದರು. ಕಚೇರಿಯಿಂದ ಹೊರಹೋಗುವ ಪ್ರತಿ ಪತ್ರಕ್ಕೂ ಜಾವಕ ವಹಿಯಲ್ಲಿ ನಂಬರು ಬೀಳಬೇಕು, ಆ ವಹಿ ಇರುವುದು ಅವಳ ಮೇಜಿನ ಮೇಲೆ. ಈ ಆದೇಶಕ್ಕೂ ನಂಬರು ಬಿದ್ದಿತ್ತು.

ಮಧ್ಯಾಹ್ನ 12 ಗಂಟೆ 35 ನಿಮಿಷಕ್ಕೆ ಪ್ರಬುದ್ಧ ಮತ್ತು ಹೆಡ್ ಕಾನ್‌ಸ್ಟೆಬಲ್ ಮಾಣಿಕಪ್ಪ, ಸಾಕ್ಷಿಗೆಂದು ಇಬ್ಬರು ಪಂಚರನ್ನು ಕರೆದುಕೊಂಡು ಕಚೇರಿಗೆ ಹೋದರು. ಉಮ್ಮೆ ಹಾನಿಗೆ ಇಪ್ಪತ್ತಾರು ವರ್ಷ. ಸೇವೆ ಇನ್ನೂ ಕಾಯಂ ಆಗಿರಲಿಲ್ಲ. ರಂಜಾನಿನ ಉಪವಾಸವಿದ್ದಳು, ತುಟಿ ಒಣಗಿತ್ತು. ಫೆಬ್ರುವರಿ 3ರಂದು ತಾನು ರಜೆಯಲ್ಲಿದ್ದೆ ಎಂದಳು. ರಜೆ ಅರ್ಜಿ ಕಡತದಲ್ಲಿತ್ತು, ಅದರ ಮೇಲೆ ಅಣವೀರಪ್ಪನವರ ಮಂಜೂರಾತಿಯೂ ಇತ್ತು. ವಹಿಯಲ್ಲಿ ಅವತ್ತಿನ ಏಳು ನಮೂದುಗಳೂ ಬೇರೆಯವರ ಕೈಬರಹ. ದುಂಡಗೆ, ಒಂದೂ ಕಾಟು ಹೊಡೆಯದೆ ಬರೆದದ್ದು.

ಅವತ್ತು ಜಾವಕ ಯಾರು ನೋಡಿಕೊಂಡರು ಎಂದು ಪ್ರಬುದ್ಧ ಕೇಳಿದರು. ಒಬ್ಬರು ಫ್ಯಾನ್ ನೋಡಿದರು, ಒಬ್ಬರು ನೀರು ಕುಡಿಯಲು ಎದ್ದರು. ಸರ್ಕಾರಿ ಕಚೇರಿಯ ಮೌನದಲ್ಲಿ ಎರಡು ಬಗೆ. ಗೊತ್ತಿಲ್ಲದವರ ಮೌನ ಒಂದು, ಗೊತ್ತಿದ್ದೂ ಲಿಖಿತದಲ್ಲಿ ಬರಬಾರದು ಎನ್ನುವವರ ಮೌನ ಇನ್ನೊಂದು. ಇದು ಎರಡನೆಯದು ಎಂಬುದು ಪ್ರಬುದ್ಧರಿಗೆ ಗೊತ್ತಾಯಿತು.

ಯಶವಂತರ ಕಡತವನ್ನು ತರಿಸಿದರು. ಕದ್ದುಮುಚ್ಚಿ ಕಾಗದ ಮಾಡಿದವನು ಅದರ ಗುರುತನ್ನೇ ಉಳಿಸುವುದಿಲ್ಲ. ಇಲ್ಲಿ ವಜಾ ಆದೇಶದ ಕಚೇರಿ ಪ್ರತಿಯನ್ನು ಕಡತಕ್ಕೆ ಸೇರಿಸಿ, ಪುಟಸಂಖ್ಯೆ ಹಾಕಿ, ಟಿಪ್ಪಣಿ ಹಾಳೆಯಲ್ಲಿ ಕಂಡಿಕೆ ನಂಬರು ಸಹ ಕೊಡಲಾಗಿತ್ತು. ಪ್ರತಿಯ ಎಡಮೂಲೆಯಲ್ಲಿ ಒಂದು ಸಣ್ಣ ಕಿರುಸಹಿ, ಕೆಳಗೆ ತಾರೀಖು. ಪತ್ರದ ಕರಡು ತಯಾರಿಸಿದವರು ಹಾಕಬೇಕಾದ ಗುರುತು ಅದು. ಪ್ರಬುದ್ಧ ಪಕ್ಕದ ಕಡತ ಬಿಚ್ಚಿದರು. ಅಲ್ಲಿಯೂ ಅದೇ ಕಿರುಸಹಿ. ಮತ್ತೊಂದರಲ್ಲಿ, ಮಗದೊಂದರಲ್ಲಿ ಕೂಡ. ಆರು ವರ್ಷದ ಕಾಗದಗಳಲ್ಲೆಲ್ಲ ಅದೇ ಇತ್ತು. ದಿನಾ ಕಣ್ಣಿಗೆ ಬೀಳುತ್ತಿದ್ದುದರಿಂದ ಯಾರಿಗೂ ಅದು ಕಂಡಿರಲಿಲ್ಲ.

“ಇದು ಯಾರದು?”

ಉಮ್ಮೆ ಹಾನಿ ಅಣವೀರಪ್ಪನವರ ಮುಖ ನೋಡಿದಳು, ಆಮೇಲೆ ನೋಡುವುದನ್ನು ಬಿಟ್ಟಳು. “ಯಶವಂತ ಸರ್‌ದು ರೀ. ಎಲ್ಲಾ ಅವ್ರೇ ಬರೀತಿದ್ರು.”

ಸಂಗತಿ ನಿಧಾನಕ್ಕೆ ಹೊರಬಂತು. ಅಮಾನತಾದ ನೌಕರ ಕಚೇರಿಯ ಕೆಲಸ ಮುಟ್ಟುವಂತಿಲ್ಲ. ಆದರೆ ಆರು ಹುದ್ದೆಗಳಲ್ಲಿ ಮೂರು ಖಾಲಿ. ಹಿಂದಿನ ಸಾಹೇಬರೊಬ್ಬರು, ಸುಮ್ಮನೆ ಕೂತು ಏನು ಮಾಡ್ತಿ, ಒಂದಷ್ಟು ಬರಿ ಎಂದಿದ್ದರಂತೆ. ಅಂದಿನಿಂದ ಯಶವಂತ ಬೆಳಿಗ್ಗೆ ಹತ್ತಕ್ಕೆ ಬಂದು ಗೋಡೆಪಕ್ಕದ ಬೆಂಚಿನಲ್ಲಿ ಕೂತು, ಸಂಜೆ ಐದೂವರೆಯವರೆಗೆ ಕಚೇರಿಯ ಅರ್ಧ ಕೆಲಸ ಮಾಡುತ್ತಿದ್ದರು. ಹಾಜರಿ ಇಲ್ಲ, ಕುರ್ಚಿಯೂ ಇಲ್ಲ. ಆರಾರು ತಿಂಗಳಿಗೆ ಅವರದೇ ಅಮಾನತು ಮುಂದುವರಿಸುವ ಆದೇಶ ಬರಬೇಕಲ್ಲ, ಅದರ ಕರಡನ್ನೂ ಅವರೇ ಬರೆದು ಸಹಿಗೆ ಇಡುತ್ತಿದ್ದರು. ಆ ಕರಡುಗಳನ್ನು ಓದುತ್ತಿದ್ದಾಗ ಮಾಣಿಕಪ್ಪ ತಲೆ ಚಚ್ಚಿಕೊಂಡ.

ಫೆಬ್ರುವರಿಯಿಂದ ಬೆಂಚು ಖಾಲಿ ಬಿದ್ದಿದ್ದರೂ ಅಣವೀರಪ್ಪ ವಿಚಾರಿಸಿರಲಿಲ್ಲ. ವಿಚಾರಿಸಿದರೆ, ಬರಬಾರದವನು ಯಾಕೆ ಬರುತ್ತಿದ್ದ ಎಂಬ ಪ್ರಶ್ನೆ ಏಳುತ್ತದೆ.

3 ಗಂಟೆ 25 ನಿಮಿಷಕ್ಕೆ ಬೀರುವಿನ ಪಂಚನಾಮೆ. ಕೆಳಗಿನ ಅರೆಯಲ್ಲಿ ಅರಗು ಒಡೆಯದ ಒಂದು ಲಕೋಟೆ ಸಿಕ್ಕಿತು. ಮೇಲೆ ‘ಗೌಪ್ಯ’ ಎಂಬ ಮುದ್ರೆ, ಆವಕ ದಿನಾಂಕ 14-11-2022. ಪಂಚರ ಎದುರು ಅಣವೀರಪ್ಪನವರೇ ಒಡೆದರು. ಅದು ಯಶವಂತರ ಮೇಲಿನ ವಿಚಾರಣಾಧಿಕಾರಿಯ ಅಂತಿಮ ವರದಿ. ಕೊನೆಯ ಪುಟದ ಕೊನೆಯ ಸಾಲು: ನೌಕರನ ವಿರುದ್ಧದ ಮೂರೂ ಆರೋಪಗಳು ಸಾಬೀತಾಗಿಲ್ಲ.

ಅಣವೀರಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. ತಾನು ಬಂದು ಎಂಟೇ ತಿಂಗಳಾಯಿತು, ಇದು ಹಿಂದಿನವರ ಕಾಲದ್ದು ಎಂದರು. ಲಕೋಟೆ ಬಾಕಿ ಇದೆ ಎಂದು ಯಾರೂ ನೆನಪಿಸಲಿಲ್ಲವೇ ಎಂದು ಪ್ರಬುದ್ಧ ಕೇಳಿದಾಗ ಮಾತ್ರ ತಡವರಿಸಿದರು. ಬಾಕಿ ಪತ್ರಗಳ ತಿಂಗಳ ಪಟ್ಟಿಯಲ್ಲಿ ಅದು ಪ್ರತಿ ಸಲ ಇತ್ತು. ಪಟ್ಟಿಯ ಕೆಳಗೆ ಅವರ ಸಹಿಯಿತ್ತು, ಎಡಮೂಲೆಯಲ್ಲಿ ಯಶವಂತರ ಕಿರುಸಹಿಯೂ ಇತ್ತು.

ಮರುದಿನ ಬುಧವಾರ ಯಶವಂತ ಇದ್ದ ಬಾಡಿಗೆ ಕೋಣೆಗೆ ಮಾಣಿಕಪ್ಪ ಹೋಗಿಬಂದ. ಕಮಲಾಪುರ ಬಸ್ ನಿಲ್ದಾಣದ ಹಿಂದಿನ ಕೋಣೆ ಅದು. ಮಾಲೀಕ ಸಲಾವುದ್ದೀನ್ ಹೇಳಿಕೆ ಕೊಟ್ಟ: ಫೆಬ್ರುವರಿ 8ಕ್ಕೆ ಖಾಲಿ ಮಾಡಿ ಹೆಂಡತಿ, ಮಗಳು ಇದ್ದ ಕಲಬುರಗಿಯ ಮನೆಗೆ ಹೋದರು, ಮಂಚ ಬೇಡವೆಂದು ತನಗೇ ಬಿಟ್ಟುಹೋದರು, ನೌಕರಿ ಹೋಯಿತು ಎಂದು ಹೇಳುವಾಗ ಅವರು ಮದುವೆ ಕರೆಯಲು ಬಂದವರ ಹಾಗೆ ಕಂಡರು. ವಜಾ ಆದವರು ತೊಂಬತ್ತು ದಿನದೊಳಗೆ ಮೇಲ್ಮನವಿ ಹಾಕಬಹುದು. ಯಶವಂತ ಹಾಕಿರಲಿಲ್ಲ. ಗುರುವಾರ ಕೈಬರಹದ ಮಾದರಿಗಳು ಕಲಬುರಗಿಯ ಪ್ರಯೋಗಾಲಯಕ್ಕೆ ಹೋದವು. ಅಲ್ಲಿನ ವರದಿಗಾಗಿ ಕಾಯುವ ಅಗತ್ಯ ಪ್ರಬುದ್ಧರಿಗೆ ಕಾಣಲಿಲ್ಲ.

ಮಾರ್ಚ್ 21, ಶುಕ್ರವಾರ, ಬೆಳಿಗ್ಗೆ 8 ಗಂಟೆ. ಕಲಬುರಗಿಯ ಜೇವರ್ಗಿ ಕಾಲೋನಿ. ಎರಡು ಕೋಣೆಯ ಮನೆಯ ಮುಂದೆ ಹದಿನೈದು ಜೊತೆ ಚಪ್ಪಲಿ ಬಿದ್ದಿದ್ದವು. ಒಳಗೆ ಯಶವಂತ ಹತ್ತನೇ ತರಗತಿಯ ಮಕ್ಕಳಿಗೆ ಗಣಿತ ಹೇಳುತ್ತಿದ್ದರು. ಅವತ್ತಿನಿಂದ ಪರೀಕ್ಷೆ ಶುರು, ಗಣಿತ ಸೋಮವಾರ, ಮೊದಲ ದಿನದ ಭಾಷಾ ಪತ್ರಿಕೆಗೆ ಹೋಗುವ ಮುಂಚೆ ಒಂದು ಸಲ ಎಂದು ಮಕ್ಕಳು ಬಂದಿದ್ದವು. ನಲವತ್ತೇಳರ ತೆಳ್ಳನೆಯ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ. ಪೊಲೀಸರನ್ನು ಕಂಡು ಸೀಮೆಸುಣ್ಣ ಕೆಳಗಿಟ್ಟರು. ಈ ಲೆಕ್ಕ ಮುಗಿಸಿ ಬರುತ್ತೇನೆ ಎಂದರು. ಪ್ರಬುದ್ಧ ಹೊರಗೆ ನಿಂತರು.

ಹೆಂಡತಿ ಲಲಿತಾಬಾಯಿಗೆ ಏನೂ ಗೊತ್ತಿರಲಿಲ್ಲ. ಗಂಡ ನಿಜವಾಗಿಯೂ ವಜಾ ಆಗಿದ್ದಾರೆಂದೇ ಅವರು ತಿಳಿದಿದ್ದರು. ಆದೇಶ ಅಂಚೆಯಲ್ಲಿ ಬಂದ ದಿನ ತಾನು ಅತ್ತುಬಿಟ್ಟೆ, ಅವರು ಅಳಲಿಲ್ಲ ಎಂದು ಬಾಗಿಲಲ್ಲಿ ನಿಂತು ಹೇಳಿದರು.

“ಆರು ವರ್ಷದಾಗ ಅವತ್ತೇ ಅವ್ರು ಹೊಟ್ಟಿ ತುಂಬ ಉಂಡದ್ದು, ಸಾಹೇಬ್ರ. ಅದ್ಕೇ ನಾನೂ ಏನೂ ಕೇಳಲಿಲ್ಲ.”

ವಿಚಾರಣೆ ಠಾಣೆಯಲ್ಲಿ 11 ಗಂಟೆ 10 ನಿಮಿಷಕ್ಕೆ ಶುರುವಾಯಿತು. ಯಶವಂತ ಯಾವುದನ್ನೂ ಅಲ್ಲಗಳೆಯಲಿಲ್ಲ. ಪ್ರಬುದ್ಧ ಕಚೇರಿ ಪ್ರತಿಯನ್ನು ಮುಂದಿಟ್ಟರು.

“ಖೊಟ್ಟಿ ಕಾಗದಕ್ಕೂ ಕಿರುಸಹಿ ಹಾಕೀರಿ.”

“ಕರಡು ಮಾಡ್ದವ್ರು ಹಾಕಬೇಕಲ್ರೀ.”

“ಸಹಿಗೆ ಇಡೋ ಕಾಗದದಾಗ ಸೇರಿಸಿದ್ರ ಸಾಹೇಬ್ರು ಓದಲಾರ್ದೆ ಸಹಿ ಹಾಕ್ತಿದ್ರು. ಯಾಕ ಹಾಂಗ ಮಾಡಲಿಲ್ಲ?”

“ಹಾಂಗ ಮಾಡಿದ್ರ ತಪ್ಪು ಅವ್ರ ಮ್ಯಾಲ ಬರ್ತಿತ್ರೀ.”

ಉಳಿದದ್ದನ್ನು ಅವರು ಬೇರೆ ಯಾರದೋ ಕಡತ ಓದಿದ ಹಾಗೆ ಹೇಳಿದರು. 2019ರ ಜನವರಿ 22ರಂದು ಶಾಲೆಯಲ್ಲಿ ಮಗಳು ಪ್ರೀತಿ ಮೆಟ್ಟಿಲಿಂದ ಬಿದ್ದಳೆಂದು ಫೋನು ಬಂತು. ಹೊರಹೋಗುವಾಗ ಚಲನವಲನ ವಹಿಯಲ್ಲಿ ಸಮಯ, ಕಾರಣ ಬರೆದು ಹೋಗಬೇಕು. ಗಾಬರಿಯಲ್ಲಿ ಬರೆಯಲಿಲ್ಲ. ಅದೇ ದಿನ ಮೇಲಧಿಕಾರಿ ತಪಾಸಣೆಗೆ ಬಂದರು. ಕೇಳಿದ ಕಡತ ಸಿಗಲಿಲ್ಲ, ನೌಕರನೂ ಇರಲಿಲ್ಲ. ಅನುಮತಿಯಿಲ್ಲದ ಗೈರುಹಾಜರಿ, ಕರ್ತವ್ಯಲೋಪ, ಕಡತ ನಾಪತ್ತೆ ಎಂದು ಮೂರು ಆರೋಪ, ಅಮಾನತು. ಕೇಂದ್ರಸ್ಥಾನ ಕಮಲಾಪುರ, ಲಿಖಿತ ಅನುಮತಿಯಿಲ್ಲದೆ ಬಿಟ್ಟು ಹೋಗುವಂತಿಲ್ಲ. ಬೇರೆ ಉದ್ಯೋಗ ಮಾಡುವಂತಿಲ್ಲ. ಮೂರು ಸಲ ರಾಜೀನಾಮೆ ಕೊಟ್ಟರು. ವಿಚಾರಣೆ ಬಾಕಿ ಇರುವಾಗ ಅಂಗೀಕರಿಸಲು ಬರುವುದಿಲ್ಲವೆಂದು ಮೂರು ಸಲವೂ ವಾಪಸು ಬಂತು. ಹಿಂಬರಹ ಬರೆದವರೂ ಅವರೇ.

“ಒಂದು ಸಲ ಬರೀಲಾರ್ದೆ ಹೋದೆ. ಅದರ ಮ್ಯಾಲ ಬರೀಲಾರ್ದೆ ಏನೂ ಮಾಡಿಲ್ರೀ,” ಎಂದರು ಯಶವಂತ.

ಪ್ರಬುದ್ಧ ಲಕೋಟೆಯ ವಿಷಯಕ್ಕೆ ಬಂದರು. ಅದನ್ನು ಆವಕ ವಹಿಗೆ ಏರಿಸಿದ್ದು, ಬೀರುವಿನಲ್ಲಿಟ್ಟದ್ದು ಯಶವಂತರೇ. ಸುಮಾರು ಎರಡು ವರ್ಷ ಮೂರು ತಿಂಗಳು ಅದರಿಂದ ಎಂಟು ಅಡಿ ದೂರದಲ್ಲಿ ಕೂತಿದ್ದರು.

“ಒಳಗ ಏನದ ಅಂತ ತಗದು ನೋಡಬೇಕನಿಸಲಿಲ್ಲೇನ್ರೀ?”

“ಗೌಪ್ಯ ಅಂತಿತ್ತಲ್ರೀ. ಸಾಹೇಬ್ರ ಹೆಸರಿಗೆ ಬಂದದ್ದು. ನಾ ತಗೀಲಿಕ್ಕೆ ಬರಲ್ಲ.”

“ಸಹಿ ಖೊಟ್ಟಿ ಮಾಡ್ಲಿಕ್ಕೆ ಬರ್ತದ?”

ಯಶವಂತ ಯೋಚಿಸಿದರು. “ಅದು ಬ್ಯಾರೇರೀ,” ಎಂದರು. ಆರೋಪ ಸಾಬೀತಾಗಿರುತ್ತದೆ, ಅದಕ್ಕೇ ಯಾರೂ ತೆಗೆಯುತ್ತಿಲ್ಲ ಎಂದುಕೊಂಡಿದ್ದರು. ಹಾಗೆಂದೇ ಖೊಟ್ಟಿ ಆದೇಶದಲ್ಲಿ ‘ಸಾಬೀತಾಗಿವೆ’ ಎಂದು ಬರೆದಿದ್ದರು.

ಸಾಬೀತಾಗಿಲ್ಲ, ಕಡತ ಮೇಲಿನ ಕಚೇರಿಯಲ್ಲೇ ಸಿಕ್ಕಿತ್ತು ಎಂದು ಪ್ರಬುದ್ಧ ಹೇಳಿದರು. ಹೇಳುವಾಗ ಅವರಿಗೆ, ಈ ಮನುಷ್ಯ ಈಗಲಾದರೂ ಒಂದು ಸಲ ಕೂಗಾಡಲಿ ಎನಿಸಿತು. ಯಶವಂತ ಕೂಗಲಿಲ್ಲ. ವರದಿಗೆ ಸಹಿಯಾದ ತಾರೀಖು ಎಷ್ಟು ಎಂದು ಕೇಳಿದರು. ಅಕ್ಟೋಬರ್ 31 ಎಂದು ಗೊತ್ತಾದ ಮೇಲೆ, “ಹಂಗಾದ್ರ ಟಪಾಲಿನಾಗೇ ಹದಿನಾಕು ದಿನಾ ಹೋಗ್ಯಾವ,” ಎಂದರು.

ಮಧ್ಯಾಹ್ನ 1 ಗಂಟೆ 20 ನಿಮಿಷಕ್ಕೆ ಬಂಧನ. ಬಂಧನದ ಪತ್ರಕ್ಕೆ ಸಹಿ ಹಾಕಿ, ಕೆಳಗೆ ಸಮಯವನ್ನೂ ಬರೆದರು. ಸಂಜೆ ನ್ಯಾಯಾಧೀಶರ ಮುಂದೆ ಹಾಜರುಪಡಿಸಲಾಯಿತು. ನ್ಯಾಯಾಂಗ ಬಂಧನವಾಗಿ ಕಲಬುರಗಿಯ ಜೈಲಿಗೆ ಹೋದರು.

ದೋಷಾರೋಪ ಪಟ್ಟಿಗೆ ಬೇಕಾದ ಟಿಪ್ಪಣಿಯಲ್ಲಿ ಉದ್ದೇಶ ಎಂಬ ಜಾಗಕ್ಕೆ ಬಂದಾಗ ಪ್ರಬುದ್ಧರ ಪೆನ್ನು ನಿಂತಿತು. ಆರೋಪಿಗೆ ಲಾಭ ಯಾವುದೂ ಇಲ್ಲ. ನೌಕರಿ, ಪಿಂಚಣಿ ಎಲ್ಲವನ್ನೂ ತಾನೇ ಕೈಯಾರೆ ಕಳೆದುಕೊಳ್ಳಲು ಅಪರಾಧ ಮಾಡಿದ್ದಾನೆ. ಶಿಕ್ಷೆಯಾದವನಿಗೆ ಎಷ್ಟು ದಿನವೆಂದು ಗೊತ್ತಿರುತ್ತದೆ, ಇವನಿಗೆ ಗೊತ್ತಿರಲಿಲ್ಲ. ಕೊನೆಗೆ, ‘ಮನೆಗೆ ಹೋಗುವ ಸಲುವಾಗಿ’ ಎಂದು ಬರೆದರು. ಲಕೋಟೆ ತೆಗೆಯದೆ ಇಟ್ಟವರ ಮೇಲೆ ಹಾಕಲು ಯಾವ ಕಲಮೂ ಸಿಗಲಿಲ್ಲ. ಆ ಬಗ್ಗೆ ಮೇಲಿನ ಕಚೇರಿಗೆ ಒಂದು ಪತ್ರ ಬರೆದರು. ಪತ್ರ ತಲುಪಿದೆ ಎಂದು ಉತ್ತರ ಬಂತು.

ಮಾರ್ಚ್ 24, ಸೋಮವಾರ. ಅಣವೀರಪ್ಪನವರ ಕಚೇರಿಯಿಂದ ಒಂದು ಆದೇಶ ಠಾಣೆಗೆ ಬಂತು, ಆರೋಪಿಗೆ ಜಾರಿ ಮಾಡಿಸಬೇಕೆಂಬ ಕೋರಿಕೆಯೊಂದಿಗೆ. ಮಾಣಿಕಪ್ಪ ಅದನ್ನು ತೆಗೆದುಕೊಂಡು ಜೈಲಿಗೆ ಹೋದ. ಯಶವಂತ ಅದನ್ನು ನಿಂತೇ ಓದಿದರು. ಫೆಬ್ರುವರಿ 3ರ ಆದೇಶ ಸದರಿ ಕಚೇರಿಯಿಂದ ಹೊರಟದ್ದಲ್ಲವಾದ್ದರಿಂದ ಅಸಿಂಧು. ನೌಕರ ಸೇವೆಯಲ್ಲಿ ಮುಂದುವರಿದಿದ್ದಾನೆ. ನಲವತ್ತೆಂಟು ಗಂಟೆಗೂ ಮೀರಿ ಬಂಧನದಲ್ಲಿರುವುದರಿಂದ, ನಿಯಮದಂತೆ ಆತನನ್ನು ಬಂಧನದ ದಿನದಿಂದ ಹೊಸದಾಗಿ ಅಮಾನತು ಮಾಡಿದೆ. ಕೇಂದ್ರಸ್ಥಾನ ಕಮಲಾಪುರ, ಲಿಖಿತ ಅನುಮತಿಯಿಲ್ಲದೆ ಬಿಡತಕ್ಕದ್ದಲ್ಲ.

“ಯಾರು ಬರದಾರ್ರೀ ಇದು?”

“ಆ ಹುಡುಗಿ, ಉಮ್ಮೆ ಹಾನಿ.”

“ತಪ್ಪಿಲ್ಲ. ಚೊಲೋ ಬರದಾಳ.” ಸ್ವೀಕೃತಿಗೆ ಸಹಿ ಹಾಕಿ, ದಿನಾಂಕ ಬರೆದು ಒಂದು ಪ್ರತಿಯನ್ನು ಹಿಂದಿರುಗಿಸಿದರು. ಮಾಣಿಕಪ್ಪ ಹೊರಡಲು ತಿರುಗಿದಾಗ ಮತ್ತೆ ಕರೆದರು.

“ಕೇಂದ್ರಸ್ಥಾನ ಕಮಲಾಪುರ ಅಂತದ. ನಾ ಇಲ್ಲಿ ಕಲಬುರಗಿ ಜೈಲಿನಾಗ ಅದೀನಿ. ಅನುಮತಿಗೆ ಅರ್ಜಿ ಕೊಡಬೇಕಾಗ್ತದಲ್ರೀ?”

ಮಾಣಿಕಪ್ಪನಿಗೆ ಇಪ್ಪತ್ನಾಲ್ಕು ವರ್ಷ ಸೇವೆಯಾಗಿತ್ತು. ಬೇಡ ಎಂದು ಹೇಳಲು ಬಾಯಿ ತೆರೆದ. ಆದರೆ ಬೇಕೋ ಬೇಡವೋ ಅವನಿಗೂ ಖಾತ್ರಿ ಇರಲಿಲ್ಲ. ಚೀಲದಿಂದ ಒಂದು ಬಿಳಿ ಹಾಳೆ ತೆಗೆದುಕೊಟ್ಟು, ಅವರು ಬರೆದು ಮುಗಿಸುವವರೆಗೆ ಅಲ್ಲೇ ನಿಂತ.