ಬಂದ್ ಮಾಡದ ತಂಬೂರಿ

ರಾಣೆಬೆನ್ನೂರಿನಲ್ಲಿ ಸಂಗೀತ ಕಲಿಸುವ ನಮ್ಮ ಅವ್ವನ ತಂಗಿ ನಲಿನಿ ಮೌಶಿ ತನ್ನ ಎಲೆಕ್ಟ್ರಾನಿಕ್ ತಂಬೂರಿಯನ್ನು ಎಂದೂ ಬಂದ್ ಮಾಡುತ್ತಿರಲಿಲ್ಲ. ಪಾಠ ಮುಗಿದರೂ, ಊಟಕ್ಕೆ ಕೂತರೂ ಅದು ಗುಂಯ್ ಎನ್ನುತ್ತಲೇ ಇರುತ್ತಿತ್ತು.

“ಮೌಶಿ, ಹಿಂಗ ಚಾಲೂ ಇಟ್ರ ಮಶೀನಿನ ಆಯುಷ್ಯ ಕಡಿಮಿ ಆಗ್ತದ.”

“ಆಗಲಿ ಬಿಡು. ನೀ ಮಾತ್ರ ಮುಟ್ಟಬ್ಯಾಡ.”

ಮುಟ್ಟಬೇಡ ಎಂದರೆ ನಾನು ಬಿಡುವವನೇ? ಮೌಶಿ ಅಡುಗೆಮನೆಗೆ ಹೋದ ಕೂಡಲೇ ಖಳನಾಯಕನ ದನಿ ತೆಗೆದು, “ನಿಂದು ಕ್ಲೈಮ್ಯಾಕ್ಸ್ ಬಂತು ಮಗನ,” ಎಂದು ಪ್ಲಗ್ ಕಿತ್ತೆ.

ಪೆಟ್ಟಿಗೆಯ ಕೆಂಪು ದೀಪ ಆರಿತು. ಸದ್ದು ಮಾತ್ರ ನಿಲ್ಲಲಿಲ್ಲ. ಅದೇ ಶ್ರುತಿ ಈಗ ನನ್ನ ಬೆನ್ನ ಹಿಂದೆ, ಖಾಲಿ ಚಾಪೆಯ ಕಡೆಯಿಂದ ಬರುತ್ತಿತ್ತು. ನಡುವೆ ಒಮ್ಮೆ ನಿಂತು, ಉಸಿರೆಳೆದುಕೊಂಡು, ಮತ್ತೆ ಶುರುವಾಯಿತು. ಮಟಮಟ ಮಧ್ಯಾಹ್ನದಲ್ಲಿ ನನ್ನ ಕುತ್ತಿಗೆಗೆ ತಣ್ಣನೆ ಗಾಳಿ ತಾಗಿತು.

ಮೌಶಿ ಓಡಿ ಬಂದು ಪ್ಲಗ್ ಹಾಕಿದಳು.

“ಅದರ ದನಿ ನಮಗ ಕೇಳಸ್ತದ ಅಂತ ಅದಕ್ಕ ಗೊತ್ತಾಗಬಾರದೋ,” ಎಂದು ಪಿಸುಗುಟ್ಟಿದಳು. “ನೀ ತಿರುಗಿ ನೋಡಿದೇನು?”

“ಇಲ್ಲ,” ಎಂದು ಸುಳ್ಳು ಹೇಳಿದೆ.

ಈಗ ಹಾವೇರಿಯ ನಮ್ಮ ಮನೆಯಲ್ಲೂ ಒಂದು ತಂಬೂರಿ ಹಗಲು ರಾತ್ರಿ ನುಡಿಯುತ್ತದೆ. ಮೊದಲು ತಂದದ್ದು ಕಾದು ಕಾದು ಸುಟ್ಟುಹೋಯಿತು. ಇದು ಎರಡನೆಯದು. ಮೂರನೆಯದನ್ನೂ ತಂದು ಪಕ್ಕದಲ್ಲಿಟ್ಟುಕೊಂಡಿದ್ದೇನೆ.